ಅಳತೆ ಪುಸ್ತಕ ಓದಿದ ಪಂಡಿತೆಗೆ

ಮಗಳೇ,

ದಾರ ತರೋಕೆ ಪೇಟೆಗೆ ಹೋಗ್ತಿದ್ದೀನಿ. ಊಟ ಮುಚ್ಚಿಟ್ಟಿದ್ದೀನಿ.

"ದಿನಕ್ಕೆ ಹನ್ನೆರಡು ಗಂಟೆ ಓದ್ತೀನಿ" ಅಂತ ನೀನು ಹಾಕಿರೋ ವಿಡಿಯೋನ ನಾಲ್ಕು ಸಾವಿರ ಜನ ಮೆಚ್ಚಿದ್ದಾರಂತೆ. ಅದರಲ್ಲಿ ನೀನು ಹುಬ್ಬು ಗಂಟಿಕ್ಕಿಕೊಂಡು ಓದ್ತಿರೋದು ನನ್ನ ಗಿರಾಕಿಗಳ ಅಳತೆ ಪುಸ್ತಕ. ಪುಟ ವಿಡಿಯೋದಲ್ಲಿ ಕಾಣಿಸಿ ತಮ್ಮ ಸೊಂಟದ ಅಳತೆ ಊರಿಗೆಲ್ಲ ಗೊತ್ತಾಯ್ತು ಅಂತ ಡಾಕ್ಟರಮ್ಮ ಬಟ್ಟೆ ವಾಪಸ್ ತಗೊಂಡು ಹೋದ್ರು.

ಮೊದಲು ಆ ವಿಡಿಯೋನ ಅಳಿಸು. ಆಮೇಲೆ ಅವರ ಮನೆಗೆ ಹೋಗಿ ತಪ್ಪಾಯ್ತು ಅನ್ನು. ಮೆಸೇಜು ಕಳಿಸಿ ಕೈ ತೊಳ್ಕೋಬೇಡ.

ನಿನ್ನ ಅರ್ಥಶಾಸ್ತ್ರದ ಪುಸ್ತಕ ಹೊಲಿಗೆ ಮಿಷನ್ನಿನ ಕುಂಟುಕಾಲಿನ ಕೆಳಗಿದೆ. ಯೂನಿವರ್ಸಿಟಿ ಶುರುವಾದ ವಾರವೇ ಇಟ್ಟೆ, ಇವತ್ತಿನವರೆಗೂ ನೀನು ಹುಡುಕಿಲ್ಲ. ನಾಳೆಯ ಪರೀಕ್ಷೆಗೆ ಬೇಕಾದ್ರೆ ತಗೋ. ಆ ಜಾಗಕ್ಕೆ ನಿನ್ನ ಫೋನ್ ತುರುಕು. ಒಂದು ದಿನವಾದ್ರೂ ಮನೆಗೆ ಉಪಯೋಗಕ್ಕೆ ಬರಲಿ.

ಅಮ್ಮ