ಬಿಟ್ಟುಹೋದವರ ಬಟ್ಟೆ

ನವೆಂಬರ್ 4, ಸೋಮವಾರ. ಬೆಳಿಗ್ಗೆ

ಗೀಸರ್ ಇವತ್ತೂ ಕೈಕೊಟ್ಟಿತು. ರಿಸೆಪ್ಶನ್ನಿಗೆ ಫೋನ್ ಮಾಡಿದರೆ ಎತ್ತುವವರಿಲ್ಲ. ಮೆಟ್ಟಿಲಿಳಿದು ಹೋಗಿ ಒಂದು ಬಕೆಟ್ ಬಿಸಿನೀರಿಗೆ ಹೇಳಿ ಬಂದೆ. ಇವರು ಮೊನ್ನೆಯ ಅಂಗಿಯಲ್ಲೇ ಹಾಸಿಗೆ ಮೇಲೆ ಕೂತು ಪೇಪರ್ ಓದುತ್ತಿದ್ದಾರೆ. ಬೇರೆ ಅಂಗಿ ಇದ್ದರೆ ತಾನೇ?

ಆನ್‌ಲೈನಿನಲ್ಲಿ ‘ಸೀ ವ್ಯೂ ರೂಮು’ ಎಂದು ಹಾಕಿದ್ದರು. ಬಾತ್‌ರೂಮಿನ ಕಿಟಕಿಯಲ್ಲಿ ಕುತ್ತಿಗೆ ಉದ್ದ ಮಾಡಿದರೆ ಎರಡು ಕಟ್ಟಡಗಳ ನಡುವೆ ಸಮುದ್ರ ಕಾಣುತ್ತದೆ, ಕಾಲರ್ ಪಟ್ಟಿಯಷ್ಟು ಅಗಲ. ಕೊಟ್ಟ ಬಾಡಿಗೆಗೆ ಅಷ್ಟೇ ಬರುವುದು.

ಮದುವೆಯಾದ ಮೇಲೆ ನಾವಿಬ್ಬರೇ ಹೊರಟದ್ದು ಇದೇ ಮೊದಲು. ನನ್ನ ಟೈಲರಿಂಗ್ ಅಂಗಡಿ ನಾದಿನಿಯ ಕೈಗೆ. ಇವರ ಡ್ರೈವಿಂಗ್ ಸ್ಕೂಲಿಗೆ ರಜೆ. ಪ್ಯಾಕ್ ಮಾಡಿದವಳು ನಾನೇ — ನನ್ನದೆಲ್ಲ ಒಂದು ಸೂಟ್‌ಕೇಸಿಗೆ, ಅವರದೆಲ್ಲ ಇನ್ನೊಂದಕ್ಕೆ. ಜಾಣತನ! ಅವರದನ್ನು ಯಾರೋ ತಮ್ಮದೆಂದು ಬಸ್ಸಿನ ಡಿಕ್ಕಿಯಿಂದ ಎತ್ತಿಕೊಂಡು ಹೋದರು. "ಸಿಕ್ಕಿದ ಕೂಡ್ಲೇ ಹೋಟೆಲಿಗೇ ಕಳಿಸ್ತೀವಿ ಮೇಡಂ" ಎಂದ ಬಸ್ ಆಫೀಸಿನವನು. ಈ ಟ್ರಿಪ್ಪಿಗೆಂದೇ ನಾನು ಹೊಲಿದ ಅಂಗಿಗಳೆಲ್ಲ ಅದರಲ್ಲಿವೆ.

"ರೆಡಿಮೇಡ್ ಒಂದು ತಗೊಂಡ್ರಾಯ್ತು ಬಿಡೇ" ಎನ್ನುತ್ತಾರೆ ಇವರು. ಆಯಿತಂತೆ! ಎದುರಿನ ಅಂಗಡಿ ನೋಡಿ ಬಂದೆ. ಒಳಮಡಿಕೆಯೇ ಇಲ್ಲದ ಹೊಲಿಗೆ, ದಿಟ್ಟಿಸಿ ನೋಡಿದರೆ ಉದುರುವ ಗುಂಡಿ. ಟೈಲರಮ್ಮನ ಗಂಡ ಅದನ್ನು ಹಾಕಿಕೊಂಡು ಬೀದಿಯಲ್ಲಿ ತಿರುಗುವುದೇ? ನಾನು ಬದುಕಿರುವವರೆಗೆ ಇಲ್ಲ.

ಅದೇ ದಿನ, ಮಧ್ಯಾಹ್ನ

ಅಂಗಿ ಸಿಕ್ಕಿತು! ಮ್ಯಾನೇಜರ್ ತಾನಾಗಿ ಕರೆದ.

"ಮೇಡಂ, ಒಂದು ಅಂಗಿಗೆ ಯಾಕಿಷ್ಟು ತಲೆ ಕೆಡಿಸ್ಕೊಳ್ತೀರಿ? ನಮ್ಮಲ್ಲೇ ಇದೆಯಲ್ಲ."

ರಿಸೆಪ್ಶನ್ ಹಿಂದೆ ಗೋಡೆಯುದ್ದ ಕಪಾಟು. ಗೆಸ್ಟುಗಳು ಬಿಟ್ಟುಹೋದ ಬಟ್ಟೆಗಳನ್ನು ಹೋಟೆಲಿನವರು ಬಿಸಾಡುವುದಿಲ್ಲವಂತೆ. ಒಗೆದು, ಇಸ್ತ್ರಿ ಮಾಡಿ, ಹ್ಯಾಂಗರಿಗೆ ಹಾಕಿ ಇಡುತ್ತಾರೆ. ಬೇಕಾದವರು ಇರುವಷ್ಟು ದಿನ ಹಾಕಿಕೊಳ್ಳಬಹುದು.

"ಒಂದೇ ಕಂಡೀಷನ್ ಮೇಡಂ. ಆಲ್ಟರ್ ಮಾಡೋ ಹಾಗಿಲ್ಲ. ಯಾರಾದ್ರೂ ಕೇಳ್ಕೊಂಡು ಬಂದ್ರೆ ಹೇಗಿತ್ತೋ ಹಾಗೇ ಕೊಡ್ಬೇಕು."

"ಬರ್ತಾರಾ?"

"ಇಷ್ಟರವರೆಗೆ ಇಲ್ಲ."

ಕೆನೆಬಣ್ಣದ ಹತ್ತಿ ಅಂಗಿ. ತಿರುಗಿಸಿ ಒಳಗಿನ ಹೊಲಿಗೆ ನೋಡಿದೆ. ಗುಂಡಿತೂತಿಗೆಲ್ಲ ಕೈಯಲ್ಲೇ ಮಾಡಿದ ಕಾಜಾ! ಈಗ ಯಾರು ಮಾಡುತ್ತಾರೆ ಕೈಕಾಜಾ? ಎಡಭುಜ ಬಲಕ್ಕಿಂತ ತಗ್ಗಿಸಿ ಕತ್ತರಿಸಿದ್ದಾರೆ. ಯಾರದೋ ಎಡಭುಜ ಇಳಿದಿತ್ತು, ಅದು ಜನರ ಕಣ್ಣಿಗೆ ಬೀಳಬಾರದೆಂದು ಹೀಗೆ ಹೊಲಿದಿದ್ದಾರೆ. ಕಾಸಿಗೆ ಹೊಲಿಯುವವರು ಇಷ್ಟು ಮುತುವರ್ಜಿ ವಹಿಸುವುದಿಲ್ಲ. ಇದು ಹೆಂಡತಿ ಕೈ. ನಿಜ ಹೇಳಬೇಕೆಂದರೆ ಸ್ವಲ್ಪ ಹೊಟ್ಟೆಕಿಚ್ಚಾಯಿತು.

ನಾನೇ ಆರಿಸಿದೆ. ನಾನೇ ತಂದುಕೊಟ್ಟೆ.

ನವೆಂಬರ್ 5, ಮಂಗಳವಾರ. ಸಂಜೆ

ಸಮುದ್ರ ನೋಡಿದೆವು. ಇಷ್ಟು ದೊಡ್ಡದಕ್ಕೆ ಇಷ್ಟು ಗಲಾಟೆ ಸಹಜವೇ. ಇವರು ಪ್ಯಾಂಟ್ ಮಡಚಿಕೊಂಡು ಚಿಕ್ಕ ಹುಡುಗರ ಹಾಗೆ ಕುಣಿದರು. ಅಂಗಿ ಎಡಭುಜದಲ್ಲಿ ಸುಕ್ಕುಗಟ್ಟಿ ಜೋತಾಡುತ್ತಿತ್ತು. "ಟೈಲರ್ ಹೆಂಡ್ತಿ ಇದ್ದೂ ನನ್ನ ಗತಿ ನೋಡು" ಎಂದು ನಕ್ಕರು. ಅಲ್ಲಿ ಒಂದು ಟಕ್ ಹಿಡಿದು ಹೊಲಿದರೆ ಸರಿಹೋಗುತ್ತಿತ್ತು. ಕಂಡೀಷನ್ ನೆನಪಾಗಿ ಸುಮ್ಮನಾದೆ.

ಬರುವಾಗ ಟ್ಯಾಕ್ಸಿ. ಎಂದಿನ ಹಾಗೆ ಇವರ ಬಲಗಾಲು ಇಲ್ಲದ ಬ್ರೇಕ್ ಒತ್ತುತ್ತಿತ್ತು. ಡ್ರೈವಿಂಗ್ ಕಲಿಸಿ ಕಲಿಸಿ ಅಂಟಿದ ರೋಗ. ಸಿನಿಮಾ ನೋಡುವಾಗಲೂ ಒತ್ತುತ್ತಾರೆ.

ನವೆಂಬರ್ 7, ಗುರುವಾರ. ಬೆಳಿಗ್ಗೆ

ಅಂಗಿ ಹೊಂದಿಕೊಂಡಿದೆ. ಒಂದೂ ಸುಕ್ಕಿಲ್ಲ. ಒಗೆದ ಮೇಲೆ ಬಟ್ಟೆ ಕುಗ್ಗಿರಬೇಕು ಅಂದುಕೊಂಡೆ. ಆದರೆ ಒಂದೇ ಭುಜ ಕುಗ್ಗುವ ಬಟ್ಟೆ ನಾನು ಕಂಡಿಲ್ಲ.

ಸ್ನಾನ ಮಾಡಿ ಟವೆಲ್ಲಿನಲ್ಲಿ ಬಂದರು. ನೋಡಿದೆ. ಎಡಭುಜ ಇಳಿದಿದೆ.

"ರೀ, ನೆಟ್ಟಗೆ ನಿಂತ್ಕೊಳ್ಳಿ."

"ನೆಟ್ಟಗೇ ನಿಂತಿದೀನಲ್ಲೇ."

ಟೇಪ್ ಹಿಡಿದೆ. ಇವರ ಅಳತೆ ನನಗೆ ಬಾಯಿಪಾಠ. ಎರಡು ಸಲ ಹಿಡಿದೆ. ಆಮೇಲೆ ಟೇಪನ್ನು ಸುತ್ತಿ ಬ್ಯಾಗಿನೊಳಗೆ ಹಾಕಿಬಿಟ್ಟೆ. ಬಟ್ಟೆ ಮೈಗೆ ಹೊಂದಬೇಕು. ಮೈ ಬಟ್ಟೆಗೆ ಹೊಂದಿದರೆ ಅದಕ್ಕೇನು ಹೇಳುವುದು?

ಹಾಸಿಗೆ ಸರಿಯಿಲ್ಲ. ಒಂದೇ ಮಗ್ಗುಲಲ್ಲಿ ಮಲಗುತ್ತಾರೆ. ಅದಕ್ಕೇ ಇರಬೇಕು.

ನವೆಂಬರ್ 8, ಶುಕ್ರವಾರ. ಮಧ್ಯಾಹ್ನ

ಟ್ಯಾಕ್ಸಿಗೆ ಅಡ್ಡ ಒಂದು ನಾಯಿ ಬಂತು. ನಾನು ಕಿರುಚಿದೆ. ಇವರ ಕಾಲು ಅಲುಗಲಿಲ್ಲ. ಕಿಟಕಿಯ ಹೊರಗೆ ನೋಡುತ್ತ ತಣ್ಣಗೆ ಕೂತಿದ್ದರು, ಜೀವಮಾನದಲ್ಲಿ ಸ್ಟಿಯರಿಂಗ್ ಮುಟ್ಟದವರ ಹಾಗೆ.

ಹೋಟೆಲಿಗೆ ಬಂದು ಟೀ ಕುಡಿದೆವು. ಬಲಗೈಯವರಾದ ಇವರ ಎಡಗೈಯಲ್ಲಿ ಲೋಟ.

ನಾದಿನಿ ಫೋನ್ ಮಾಡಿದಳು. ಅಂಗಡಿ ವಿಷಯ ಎಲ್ಲ ಹೇಳಿ, ಅಣ್ಣನಿಗೆ ಕೊಡು ಅಂದಳು. ಕೊಟ್ಟೆ. ಹೂಂ ಹೂಂ ಎಂದು, ಮೆಲ್ಲಗೆ ಏನೋ ಕೇಳಿ ವಾಪಸ್ ಕೊಟ್ಟರು. ಆ ಕಡೆ ಅವಳ ದನಿ ಸಣ್ಣಗಾಗಿತ್ತು.

"ಅತ್ತಿಗೆ, ಅಣ್ಣ ಹುಷಾರಾಗಿದ್ದಾನಾ? ನನ್ನನ್ನ ‘ನೀವು ಯಾರು ಮಾತಾಡೋದು’ ಅಂತ ಕೇಳ್ದ."

"ತಮಾಷೆ ಮಾಡಿರ್ತಾರೆ ಬಿಡೇ."

"ತಮಾಷೆ ಅಲ್ಲ ಅತ್ತಿಗೆ. ನಂಗೆ ಅಣ್ಣನ ತಮಾಷೆ ಗೊತ್ತಿಲ್ವಾ?"

ನವೆಂಬರ್ 9, ಶನಿವಾರ

ಸೊಕ್ಕು ನುಂಗಿಕೊಂಡು ರೆಡಿಮೇಡ್ ತಂದೆ. ಹಾಕಿಸಿದೆ. ಎರಡು ನಿಮಿಷಕ್ಕೆ ಮೈಯೆಲ್ಲ ನಡುಕ. ಈ ಸೆಖೆಯಲ್ಲಿ! ತುಟಿ ನೀಲಿಯಾಯಿತು. ಹೆದರಿ ಬಿಚ್ಚಿದೆ. ತಾವೇ ಹೋಗಿ ಹ್ಯಾಂಗರಿನಿಂದ ಆ ಅಂಗಿ ತೆಗೆದು ಹಾಕಿಕೊಂಡರು. ನಡುಕ ನಿಂತಿತು.

"ಇದು ನನ್ನದು" ಎಂದರು. ನನಗಲ್ಲ. ಕನ್ನಡಿಗೆ.

ನವೆಂಬರ್ 11, ಸೋಮವಾರ. ಸಂಜೆ

ಬೆಳಿಗ್ಗೆ ಮ್ಯಾನೇಜರನ್ನು ಹಿಡಿದು ಕೂರಿಸಿದೆ. ಈ ಅಂಗಿ ಯಾರದ್ದು, ಸುಳ್ಳು ಹೇಳಿದರೆ ಕಪಾಟಿಗೇ ಬೆಂಕಿ ಇಡುತ್ತೇನೆ ಅಂದೆ. ಅವನು ಮುಚ್ಚುಮರೆ ಮಾಡಲಿಲ್ಲ.

"ನಿಮ್ಮ ಹಾಗೇ ಗಂಡ ಹೆಂಡ್ತಿ ಮೇಡಂ. ತುಂಬ ಅನ್ಯೋನ್ಯ. ಒಂದಿನ ಬೆಳಿಗ್ಗೆ ವಾಕಿಂಗ್ ಅಂತ ಕೈ ಹಿಡ್ಕೊಂಡು ಹೋದ್ರು. ಬರಲೇ ಇಲ್ಲ. ರೂಮಲ್ಲಿ ಬಟ್ಟೆ ಎಲ್ಲ ಮಡಚಿ ಇಟ್ಟಿದ್ರು. ಪೊಲೀಸ್ನೋರು ಬಂದು ನೋಡಿ ಹೋದ್ರು. ದಡದಲ್ಲಿ ಹೆಜ್ಜೆ ಇತ್ತಂತೆ, ನೀರಿನವರೆಗೆ."

"ಗೊತ್ತಿದ್ದೂ ಅಂಥವರ ಬಟ್ಟೆ ಕೊಟ್ರಾ?"

"ಬಿಟ್ಟುಹೋದ ಬಟ್ಟೆ ಸುಮ್ನೆ ತೂಗ್ತಾ ಇರಬಾರದು ಮೇಡಂ. ಹಾಕೋರು ಬೇಕು. ನಮ್ಮಪ್ಪನ ಕಾಲದಿಂದ ಹೀಗೇ."

ನಗುನಗುತ್ತಲೇ ಹೇಳಿದ. ಅವನು ತೊಟ್ಟ ಕೋಟು ಅವನದಲ್ಲ ಎಂದು ಆಗ ನೋಡಿದೆ. ತೋಳಿನ ಒಳಗೆ ಯಾರದೋ ಟೈಲರ್ ಚೀಟಿ, ಬೇರೆ ಊರಿನದು.

ಮಧ್ಯಾಹ್ನದ ಬಸ್ಸಿಗೆ ಇವರನ್ನು ಹತ್ತಿಸಿದೆ. ಅಂಗಿ ವಾಪಸ್ ಕೊಡದೆಯೇ — ಕಳ್ಳಿ ಅಂದರೂ ಅನ್ನಲಿ. ನಾನು ಟಿಕೆಟ್ ಹುಡುಕುವಷ್ಟರಲ್ಲಿ ಇಳಿದುಬಿಟ್ಟಿದ್ದರು. ಓಡಿದೆ. ಹೋಟೆಲಿನ ರೂಮಿನಲ್ಲಿ ಸಿಕ್ಕಿದರು. ಕಿಟಕಿಯ ಬಳಿ ನಿಂತಿದ್ದರು.

ನವೆಂಬರ್ 15, ಶುಕ್ರವಾರ

ಬರೆಯಲು ಕೈ ಬರಲಿಲ್ಲ ಇಷ್ಟು ದಿನ.

ಡಾಕ್ಟರಿಗೆ ತೋರಿಸಿಯಾಯಿತು. ಬಿಪಿ ಚೆನ್ನಾಗಿದೆ, ಸ್ಕ್ಯಾನ್ ಚೆನ್ನಾಗಿದೆ. "ಭುಜ ಹುಟ್ಟಿನಿಂದಲೇ ಹೀಗಿರುತ್ತೆ ಕೆಲವರಿಗೆ" ಎಂದರು. ಯಾರ ಹುಟ್ಟಿನಿಂದ ಡಾಕ್ಟರೇ?

ನನ್ನನ್ನು ಮೇಡಂ ಅನ್ನುತ್ತಾರೆ. ತುಂಬ ಮರ್ಯಾದೆಯಿಂದ. ನಾನು ಮಂಚದ ಮೇಲೆ ಕೂತರೆ ಎದ್ದು ಕುರ್ಚಿಗೆ ಹೋಗುತ್ತಾರೆ. "ನನ್ನ ಹೆಂಡ್ತಿ ಬರ್ತಾಳೆ ಮೇಡಂ, ನೋಡಿದ್ರೆ ಏನಂದ್ಕೊಳ್ತಾಳೆ?" ಅಂದರು ನಿನ್ನೆ. ಬಾತ್‌ರೂಮಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ.

ಬೆಳಿಗ್ಗೆ ಎದ್ದು ಸಮುದ್ರಕ್ಕೆ ಹೋಗುತ್ತಾರೆ. ನಾನು ಹಿಂದೆ. ಮೊಣಕಾಲಿನವರೆಗೆ ಇಳಿದು ನಿಂತು ತಿರುಗಿ ನೋಡುತ್ತಾರೆ, ಯಾರನ್ನೋ ಕಾಯುವ ಹಾಗೆ. ಯಾರೂ ಬರುವುದಿಲ್ಲ. ವಾಪಸ್ ಬರುತ್ತಾರೆ. ಇವತ್ತು ಸೊಂಟದವರೆಗೆ ಇಳಿದರು.

ಸೂಟ್‌ಕೇಸ್ ಬಂತು. ಈಗ! ನಾನು ಹೊಲಿದ ನೀಲಿ ಚೌಕುಳಿ ಅಂಗಿ ಹಿಡಿದು ಕೈಮುಗಿದು ಕೇಳಿದೆ, ಒಮ್ಮೆ ಹಾಕಿ. "ಬೇರೆಯವರ ಬಟ್ಟೆ ಹಾಕಲ್ಲ ಮೇಡಂ, ತಪ್ಪು ತಿಳೀಬೇಡಿ."

ಅವರು ಸ್ನಾನಕ್ಕೆ ಹೋದಾಗ ಆ ಕೆನೆಬಣ್ಣದ ಅಂಗಿಗೆ ಹೊಲಿಗೆ ಬಿಚ್ಚುವ ರಿಪ್ಪರ್ ಹಾಕಿದೆ. ಹಾಳಾಗಿಹೋಗಲಿ ಕಂಡೀಷನ್. ಎಡಭುಜದ ಹೊಲಿಗೆ, ನಾಲ್ಕೇ ನಾಲ್ಕು ಎಳೆ. ಒಳಗಿನಿಂದ ಚೀರಿದರು. ಬಾಗಿಲು ತಳ್ಳಿ ನೋಡಿದರೆ ಭುಜ ಹಿಡಿದು ಕೂತಿದ್ದಾರೆ, ಬೆರಳ ಸಂದಿನಲ್ಲಿ ರಕ್ತ. ಸೂಜಿ ಪೋಣಿಸಿ ಆ ನಾಲ್ಕು ಎಳೆ ಮತ್ತೆ ಹಾಕಿದೆ. ರಕ್ತ ನಿಂತಿತು.

ಇಷ್ಟು ವರ್ಷದಲ್ಲಿ ಇಷ್ಟು ಚೆನ್ನಾಗಿ ಹೊಲಿದಿರಲಿಲ್ಲ.

ನವೆಂಬರ್ 16, ಶನಿವಾರ. ಸಂಜೆ

ಇವರು ಹೋಟೆಲ್ ಬಿಲ್ ಸೆಟಲ್ ಮಾಡಿದ್ದಾರೆ. ನನ್ನದು, ತಮ್ಮದು, ಇಬ್ಬರದ್ದೂ. ನನ್ನ ಹತ್ತಿರ ಬಂದು ಹೇಳಿದರು: "ನೀವು ತುಂಬ ಉಪಕಾರ ಮಾಡಿದ್ರಿ ಮೇಡಂ. ಇನ್ನು ಕಾಯಲ್ಲ. ನಾಳೆ ಬೆಳಿಗ್ಗೆ ಹೊರಡ್ತೀನಿ. ಅವಳು ಮುಂದೆ ಹೋಗಿರ್ಬೇಕು."

ಎಲ್ಲಿಗೆ ಎಂದು ಕೇಳುವ ಅಗತ್ಯವೇ ಇರಲಿಲ್ಲ.

ಕೆಳಗೆ ಹೋದೆ. ಮ್ಯಾನೇಜರ್ ಕಾಯುತ್ತಿದ್ದವನ ಹಾಗೆ ಎದ್ದ. ಆ ಹೆಂಗಸಿನ ಬಟ್ಟೆ ಇದೆಯಾ ಎಂದೆ. ಒಂದು ಉದ್ದ ಗೌನು ತಂದು ಕೌಂಟರಿನ ಮೇಲಿಟ್ಟ, ತಿಳಿಹಸಿರು, ತುಂಬುತೋಳು. ಅದೇ ಕೈಯ ಹೊಲಿಗೆ.

"ಇದನ್ನ ಹಾಕೊಂಡ್ರೆ ಅವರು ನನ್ನ ಮಾತು ಕೇಳ್ತಾರಾ?"

"ಹೆಂಡ್ತಿ ಮಾತು ಕೇಳದೆ ಇರ್ತಾರಾ ಮೇಡಂ?"

"ನಾನು... ನಾನಾಗೇ ಇರ್ತೀನಾ?"

ಅವನು ಕೋಟಿನ ತೋಳು ಸರಿಮಾಡಿಕೊಂಡ.

ಇವರಿಗೆ ಅಂಗಿ ಹೊಂದಲು ಮೂರು ದಿನ ಬೇಕಾಯಿತು. ನಾನು ಗೌನು ಹಾಕಿಕೊಂಡಿರಬೇಕಾದ್ದು ಬರೀ ಅರ್ಧ ಗಂಟೆ. ಕೈ ಹಿಡಿದು ಬಸ್ ಸ್ಟ್ಯಾಂಡಿಗೆ ಎಳೆದುಕೊಂಡು ಹೋಗುತ್ತೇನೆ. ಅವಳ ಮಾತಿಗಾದರೂ ಬಸ್ ಹತ್ತಲಿ. ಊರು ತಲುಪಿದ ಮೇಲೆ ಉಳಿದದ್ದು ನೋಡಿಕೊಂಡರಾಯಿತು. ಬೇರೆ ದಾರಿ ಇದ್ದರೆ ಯಾರಾದರೂ ಹೇಳಿ.

ನವೆಂಬರ್ 17, ಭಾನುವಾರ. ಬೆಳಿಗ್ಗೆ

ಅವರು ಎದ್ದು, ತಲೆ ಬಾಚಿ, ಬರಿಗಾಲಲ್ಲಿ ಕಾರಿಡಾರಿಗೆ ಹೋದರು. ನಾನು ಬಾಗಿಲು ಹಾಕಿಕೊಂಡು ಗೌನಿನ ಎಡತೋಳು ಹಾಕಿದೆ. ಬಲಗೈ ಬರೆಯುವುದಕ್ಕೆಂದು ಹೊರಗೆ ಬಿಟ್ಟಿದ್ದೇನೆ.

ತೋಳು ಹಾಕಿದ ಕೂಡಲೇ ಹೊರಗಿನಿಂದ "ಬಂದ್ಯಾ?" ಎಂದರು. ನಾನಿನ್ನೂ ಬಾಯಿಯೇ ತೆರೆದಿರಲಿಲ್ಲ. ಎಷ್ಟು ಪ್ರೀತಿ ಆ ದನಿಯಲ್ಲಿ! ಅಳು ಬಂತು. ಈ ದನಿ ನನಗೆ ಯಾವತ್ತಾದರೂ ಸಿಕ್ಕಿತ್ತಾ?

ಬರೆದಿಡುತ್ತೇನೆ. ನಾನು ಲೇಡೀಸ್ ಟೈಲರ್. ಇವರು ಡ್ರೈವಿಂಗ್ ಕಲಿಸುತ್ತಾರೆ. ಅಂಗಡಿಯಲ್ಲಿ ನಾದಿನಿ ಕಾಯುತ್ತಿದ್ದಾಳೆ. ಹೋಟೆಲಿನಿಂದ ಬಲಕ್ಕೆ ಬಸ್ ಸ್ಟ್ಯಾಂಡ್. ಎಡಕ್ಕೆ ಸಮುದ್ರ. ಬಲಕ್ಕೆ. ಬಲಕ್ಕೆ ಹೋಗಬೇಕು.

ಎಡಗೈ ಪುಟ ಒತ್ತಿಕೊಂಡಿದೆ. ಬೆರಳಲ್ಲಿ ಸೂಜಿ ಚುಚ್ಚಿದ ಗುರುತುಗಳಿವೆ, ನನಗಿರುವ ಹಾಗೇ. ಆದರೆ ಬೇರೆ ಜಾಗದಲ್ಲಿ.

ಬೆಳಗಿನ ನೀರು ಇವರಿಗೆ ತಣ್ಣಗಾಗುತ್ತದೆ. ನಾನು ಮೊದಲು ಇಳಿದು ಕೈ ಕೊಟ್ಟರೆ —

ಇದನ್ನು ಯಾಕೆ ಬರೆದೆ?

ಬಲಕ್ಕೆ.

ಬಾಗಿಲು ತಟ್ಟುತ್ತಿದ್ದಾರೆ. ಬಂದೆ ರೀ. ಒಂದೇ ನಿಮಿಷ. ಬಲಗೈ ಒಂದು ಹಾಕಿಕೊಂಡು