ಐದು ಗಂಟೆಯ ಸಹಿ

ಬಸವಕಲ್ಯಾಣ
೪ ಆಗಸ್ಟ್ ೨೦೨೪, ರವಿವಾರ

ಮಿಸ್ಬಾ,

ಹೆಸರಿನ ಹಿಂದೆ 'ಪ್ರೀತಿಯ' ಎಂದು ಬರೆದು ಹೊಡೆದುಹಾಕಿದ್ದೇನೆ, ಗುರುತು ಕಾಣುತ್ತಿರಬೇಕು. ಬೇರೆ ಹಾಳೆ ತೆಗೆದುಕೊಳ್ಳಬಹುದಿತ್ತು, ಮನಸ್ಸಾಗಲಿಲ್ಲ. ನಾನು ಆರಾಮ ಇದ್ದೇನೆ. ಮೈ ತುಂಬಿಕೊಂಡಿದ್ದೀ ಎಂದು ಅವ್ವ ಹೇಳುತ್ತಾಳೆ. ನೀನು ಹೇಗಿದ್ದೀ ಎಂದು ಕೇಳುವುದಿಲ್ಲ, ನಿನ್ನ ತಂಗಿ ಅಲ್ಮಾಸ್ ಎಲ್ಲ ಹೇಳಿದ್ದಾಳೆ.

ಹೋದ ಸೋಮವಾರ ಅವಳು ಫ್ಯಾಕ್ಟರಿ ಗೇಟಿಗೆ ಬಂದು ನಿನ್ನ ಚೀಟಿ ಕೊಟ್ಟು ಹೋದಳು. ಒಂಬತ್ತು ತಿಂಗಳಿಂದ ನನ್ನ ನಂಬರ್ ಬ್ಲಾಕ್ ಮಾಡಿಟ್ಟವಳು ನನಗೆ ಚೀಟಿ ಬರೆಯಬೇಕಾದರೆ ಎಷ್ಟು ಹಲ್ಲು ಕಚ್ಚಿರಬೇಕು. ನಾಲ್ಕೇ ಸಾಲು. ಜಹೀರಾಬಾದಿನ ಔಷಧ ಕಂಪನಿಯವರು ನಿನ್ನನ್ನು ಆರಿಸಿದ್ದಾರೆ. ಹಿಂದಿನ ಕೆಲಸ ಹನ್ನೊಂದೇ ತಿಂಗಳಿಗೆ ಯಾಕೆ ಹೋಯಿತು ಎಂದು ಕೇಳಿದ್ದಾರೆ. ನೀನು ನಡೆದದ್ದು ನಡೆದಂತೆ ಹೇಳಿ, ಜೊತೆಯಲ್ಲಿ ಕೆಲಸ ಮಾಡಿದವಳೆಂದು ನನ್ನ ನಂಬರ್ ಕೊಟ್ಟಿದ್ದೀ. ಅವರು ಫೋನ್ ಮಾಡಿದಾಗ ರಿಜಿಸ್ಟರಿನಲ್ಲಿ ಬರೆಯಲು ಹೇಳಿದ್ದು ನಾನೇ ಎಂದು ಒಪ್ಪಿಕೊಳ್ಳಬೇಕು, ಅಷ್ಟೇ. ಕೊನೆಯಲ್ಲಿ, "ನನ್ನ ಹೊಗಳೂದು ಬ್ಯಾಡ, ಖರೇ ಹೇಳು ಸಾಕು" ಎಂದು ಬರೆದಿದ್ದೀ. ಬೇಡುವಾಗಲೂ ನಿನಗೆ ಮೂಗಿನ ಮೇಲೇ ಸಿಟ್ಟು.

ಚೀಟಿಯಲ್ಲಿ ಇಲ್ಲದ್ದನ್ನು ಅಲ್ಮಾಸ್ ಹೇಳಿದಳು. ಹುಮನಾಬಾದಿನ ಕಂಪನಿಗಳವರು ಒಬ್ಬರಿಗೊಬ್ಬರು ಫೋನ್ ಮಾಡಿ ಕೇಳುತ್ತಾರಲ್ಲ, ಹಾಗಾಗಿ ಅಲ್ಲಿ ಯಾರೂ ನಿನ್ನನ್ನು ಒಳಗೆ ಬಿಡಲಿಲ್ಲವಂತೆ. ಈಗ ನಿಮ್ಮೂರು ಮುಡಬಿಯ ಝೆರಾಕ್ಸ್ ಅಂಗಡಿಯಲ್ಲಿ ಕೂತು ಊರ ಹುಡುಗರ ನೌಕರಿ ಅರ್ಜಿ ತುಂಬಿಕೊಡುತ್ತೀಯಂತೆ. ಅಲ್ಮಾಸ್ ಪಿಯುಸಿ ಪಾಸಾಗಿ ಮನೆಯಲ್ಲಿ ಕೂತಿದ್ದಾಳೆ. ದೊಡ್ಡವಳು ಬಿ.ಎಸ್ಸಿ ಓದಿ ಏನಾದಳು ಎಂದು ನೋಡಿದ್ದಾಯಿತು, ಇವಳಿಗೂ ಯಾಕೆ ಎಂದು ನಿಮ್ಮ ಅಬ್ಬಾ ಮೊಹಿನುದ್ದೀನ್ ಚಾಚಾ ಅಂದಿದ್ದಾರೆ. ನಿನಗೆ ಜಹೀರಾಬಾದ್ ಸಿಕ್ಕರೆ ಅವಳಿಗೆ ಕಾಲೇಜು. ಆ ಹುಡುಗಿ ಇದನ್ನೆಲ್ಲ ಹೇಳುವಾಗ ನನ್ನನ್ನು ಅಕ್ಕಾ, ಅಕ್ಕಾ ಎನ್ನುತ್ತಿದ್ದಳು. ನೀನು ಅವಳಿಗೆ ನನ್ನ ಬಗ್ಗೆ ಕೆಟ್ಟದ್ದೇನೂ ಹೇಳಿಲ್ಲ ಎಂದು ಆಗ ತಿಳಿಯಿತು. ಅದಕ್ಕೂ ನನಗೆ ಸಿಟ್ಟೇ ಬಂತು.

ಬಸವಕಲ್ಯಾಣದಲ್ಲಿ ಬಿ.ಎಸ್ಸಿ ಮುಗಿದ ಮೇಲಿನ ವರ್ಷ ನೆನಪಿದೆಯಾ? ನಾನು ಏನೇನು ಆಗಲು ಹೊರಟಿದ್ದೆ. ಬಿ.ಎಡ್ ಅರ್ಜಿ ಆಯಿತು, ಟ್ಯಾಲಿ ಕ್ಲಾಸು ಆಯಿತು, ಎಫ್‌ಡಿಎ ಪರೀಕ್ಷೆಯ ಪುಸ್ತಕದ ಗಂಟು ತಂದದ್ದಾಯಿತು, ಕಡೆಗೆ ಹೊಲಿಗೆಯೂ ಆಯಿತು. ನಮ್ಮ ಕಿರಾಣಿ ಅಂಗಡಿಗೆ ಬಂದವರೆಲ್ಲ ಮಗಳು ಏನು ಮಾಡುತ್ತಾಳೆ ಎಂದು ಕೇಳಿದರೆ, "ಸದ್ಯ ವಿಚಾರ ಮಾಡಾಕತ್ತಾಳ್ರಿ" ಎಂದು ನಮ್ಮಪ್ಪ ಬೆಲ್ಲ ತೂಗುತ್ತಾ ಹೇಳುತ್ತಿದ್ದ. ನಿನಗೆ ಮಾತ್ರ ಎರಡನೆಯ ವಿಚಾರವೇ ಇರಲಿಲ್ಲ. ಮಾಡಿದರೆ ಲ್ಯಾಬಿನಲ್ಲೇ ಕೆಲಸ. ಹುಮನಾಬಾದಿನ ಔಷಧ ಫ್ಯಾಕ್ಟರಿಯಲ್ಲಿ ಸಂದರ್ಶನ ಇದೆ ಎಂದು ಪತ್ತೆ ಹಚ್ಚಿದ್ದು ನೀನು. ಕೈ ಹಿಡಿದು ಬಸ್ಸು ಹತ್ತಿಸಿದ್ದೂ ನೀನು. ಅಲ್ಲಿ ನನಗೆ ಕೇಳಿದ ಮೂರು ಪ್ರಶ್ನೆಗಳಲ್ಲಿ ಎರಡಕ್ಕೆ ಉತ್ತರವನ್ನು ನೀನು ಬಸ್ಸಿನಲ್ಲೇ ಹೇಳಿಕೊಟ್ಟಿದ್ದೆ. ಉಪಕಾರ ನೆನೆಯಬೇಕಿತ್ತು, ನೆನೆಯಲಿಲ್ಲ. ಕಲಿಸಿಕೊಟ್ಟವರ ಮುಖ ದಿನಾ ನೋಡುವುದು ಕಷ್ಟ, ಮಿಸ್ಬಾ. ನಿನಗದು ಗೊತ್ತಿಲ್ಲ, ನಿನಗೆ ಯಾರೂ ಕಲಿಸಬೇಕಾಗಲಿಲ್ಲ.

ಇಬ್ಬರನ್ನೂ ಟ್ರೇನಿ ಎಂದು ತೆಗೆದುಕೊಂಡರು. ಮೊದಲ ದಿನವೇ ಲ್ಯಾಬಿನ ಮೇಲಧಿಕಾರಿ ಸೂರ್ಯಕಾಂತ ಸರ್, ವರ್ಷದ ಕೊನೆಗೆ ಪರ್ಮನೆಂಟ್ ಆಗುವುದು ಒಬ್ಬರೇ ಎಂದರು. ನೀನು ನಕ್ಕು, ಅದು ಆಮೇಲಿನ ಮಾತು ಅಂದೆ. ನಾನೂ ನಕ್ಕೆ. ಅವತ್ತಿನಿಂದಲೇ ಲೆಕ್ಕ ಹಾಕಲು ಶುರು ಮಾಡಿದ್ದೆ.

ಇನ್ನು ಆ ರಿಜಿಸ್ಟರ್. ಮಾತ್ರೆಗಳ ಸ್ಯಾಂಪಲ್ ಇಡುವ ಕೋಣೆಯ ಉಷ್ಣಾಂಶವನ್ನು ಒಂಬತ್ತಕ್ಕೆ, ಒಂದಕ್ಕೆ, ಐದಕ್ಕೆ ನೋಡಿ ಬರೆದು ಸಹಿ ಮಾಡಬೇಕು. ಕಂಪನಿಯ ವ್ಯಾನು ಬಸ್ ಸ್ಟ್ಯಾಂಡಿಗೆ ಹೊರಡುವುದೂ ಐದಕ್ಕೇ. ಅದು ತಪ್ಪಿದರೆ ಕಲ್ಯಾಣದ ಬಸ್ಸು ತಪ್ಪಿತು, ನಿನಗೆ ಮುಡಬಿಯ ಕೊನೆಯ ಆಟೋನೂ ತಪ್ಪಿತು. ಹಾಗಾಗಿ ಐದರ ಅಂಕಿಯನ್ನು ಎಲ್ಲರೂ ನಾಲ್ಕೂವರೆಗೇ ಬರೆದುಬಿಡುತ್ತಿದ್ದರು. ನಮಗಿಂತ ಹಿಂದಿನವರೇ ಹಾಕಿಕೊಟ್ಟ ದಾರಿ. ಒಂದು ವಾರ ನಿನ್ನ ಪಾಳಿ, ಒಂದು ವಾರ ನನ್ನದು.

ಆ ಗುರುವಾರ ನನ್ನ ಪಾಳಿ. ಭಾಲ್ಕಿಯಿಂದ ಗಂಡಿನ ಕಡೆಯವರು ನೋಡಲು ಬರುವವರಿದ್ದರು. ರಜೆ ಕೇಳಿದರೆ ಪರ್ಮನೆಂಟ್ ಮಾಡುವಾಗ ಅದನ್ನೇ ಎತ್ತಿ ಆಡುತ್ತಾರೆಂದು ನಾನು ಊಟದ ಹೊತ್ತಿಗೆ ಸುಮ್ಮನೆ ಹೊರಬಿದ್ದೆ. ನನ್ನ ಹೆಸರಿನಲ್ಲೇ ಬರೆದು ನನ್ನ ಸಹಿಯನ್ನೂ ಹಾಕಿಬಿಡು ಎಂದು ನಿನಗೆ ಹೇಳಿದೆ. ನಿನಗೆ ಇಷ್ಟವಿರಲಿಲ್ಲ. ನಾನು ಅಳುಮುಖ ಮಾಡಿದೆ, ನೀನು ಒಪ್ಪಿದೆ. ಬಂದವರು ಉಪ್ಪಿಟ್ಟು ತಿಂದು ಹೋದರು, ಇವತ್ತಿನವರೆಗೂ ಉತ್ತರ ಹೇಳಿಲ್ಲ.

ಅವತ್ತು ನಾಲ್ಕೂವರೆ ದಾಟುತ್ತಲೇ ಮುಕ್ಕಾಲು ತಾಸು ಕರೆಂಟ್ ಹೋಗಿ ಜನರೇಟರ್ ಕೈಕೊಟ್ಟಿತ್ತು. ಐದು ಗಂಟೆಗೆ ಬ್ಯಾಟರಿಯ ಮಶೀನು ತಾನೇ ದಾಖಲು ಮಾಡಿಕೊಂಡದ್ದು ಮೂವತ್ತೊಂದು. ನಾಲ್ಕೂವರೆಗೆ ನೀನು ನನ್ನ ಸಹಿಯ ಜೊತೆ ಬರೆದಿಟ್ಟದ್ದು ಇಪ್ಪತ್ತೈದು. ಹನ್ನೆರಡು ದಿನಕ್ಕೆ ಆಡಿಟ್‌ನವರು ಬಂದು ಎರಡನ್ನೂ ಪಕ್ಕಪಕ್ಕ ಇಟ್ಟರು.

ಸರ್ ಕರೆದಾಗ ಮೆಟ್ಟಿಲು ಹತ್ತುತ್ತಾ ನೀನು ನನ್ನ ಕೈ ಒತ್ತಿ, "ಇಬ್ಬರೂ ಕೂಡಿ ಮಾಫಿ ಕೇಳೋಣ, ಒಂದ್ ವಾರ್ನಿಂಗ್‌ದಾಗ ಮುಗೀತದ" ಅಂದೆ. ನಾನು ಹೂಂ ಅಂದೆ. ಒಳಗೆ ಸರ್ ಪುಟ ತಿರುಗಿಸಿ, ಈ ಸಹಿ ಯಾರದು ಎಂದು ಕೇಳಿದರು. ನೀನು ಬಾಯಿ ತೆರೆಯುವುದರೊಳಗೆ ನಾನು ಹೇಳಿದೆ:

"ನಂದಲ್ರಿ ಸರ್. ನಾ ಅವತ್ತ ಮಧ್ಯಾಹ್ನನ ಮನಿಗಿ ಹೋಗಿದ್ದೆ. ಸರ್‌ಗ ತಿಳಸು ಅಂತ ಮಿಸ್ಬಾಗ ಹೇಳಿದ್ದೆ."

ಇಷ್ಟು ದಿನ ನಾನು ನನಗೇ ಹೇಳಿಕೊಂಡು ಬಂದದ್ದೇನೆಂದರೆ, ನಾನು ಆಡಿದ್ದರಲ್ಲಿ ಸುಳ್ಳೆಲ್ಲಿದೆ? ಸಹಿ ನನ್ನದಲ್ಲ, ಖರೇ. ಮಧ್ಯಾಹ್ನವೇ ಹೋಗಿದ್ದೆ, ಅದೂ ಖರೇ. ಮೂರನೆಯ ಮಾತು ಸುಳ್ಳು. ನಿನ್ನ ಕೆಲಸ ಹೋದದ್ದು ಆ ಮೂರನೆಯ ಮಾತಿನಿಂದಲೇ. ಅದನ್ನು ಕೇಳಿದ ಮೇಲೆ ಸರ್ ಕಣ್ಣಿಗೆ ನೀನು ಗೆಳತಿಗೆ ನೆರವಾದವಳಾಗಿ ಉಳಿಯಲಿಲ್ಲ. ಗೆಳತಿಯ ಸಹಿ ಕದ್ದವಳಾದೆ. ನೀನು ಒಂದೇ ಸಲ "ಪೂನಂ" ಅಂದೆ. ನಾನು ಫ್ಯಾನಿನ ಕಡೆ ನೋಡಿದೆ. ನಿನ್ನನ್ನು ಅಲ್ಲೇ ಕಾರ್ಡ್ ಬಿಚ್ಚಿಡಿಸಿ ಕಳಿಸಿದರು. ಮುಂದಿನ ತಿಂಗಳು ನಾನು ಪರ್ಮನೆಂಟ್ ಆದೆ. ನಮ್ಮಪ್ಪ ಅಂಗಡಿಗೆ ಬಂದವರಿಗೆಲ್ಲ ಪೇಢೆ ಹಂಚಿದ.

ಆಮೇಲೆ ಯಾವುದೋ ಮಾತಿಗೆ ಸರ್ ಹೇಳಿದರು, ಇಬ್ಬರೂ ಒಪ್ಪಿಕೊಂಡಿದ್ದರೆ ಒಂದು ಎಚ್ಚರಿಕೆಯ ಪತ್ರ ಕೊಟ್ಟು ಬಿಡುತ್ತಿದ್ದೆ ಎಂದು. ನೀನು ಮೆಟ್ಟಿಲ ಮೇಲೆ ಹೇಳಿದ್ದೇ ಸರಿಯಿತ್ತು. ನಾನು ಕೆಲಸ ಉಳಿಸಿಕೊಳ್ಳಲು ಸುಳ್ಳು ಹೇಳಿದೆ ಎಂದು ನೀನು ತಿಳಿದಿದ್ದರೆ ಅದು ತಪ್ಪು. ಎಚ್ಚರಿಕೆಯ ಪತ್ರ ಬಂದಿದ್ದರೆ ಕೆಲಸ ಇಬ್ಬರಿಗೂ ಉಳಿಯುತ್ತಿತ್ತು. ಆದರೆ ಪರ್ಮನೆಂಟ್ ಆಗುತ್ತಿದ್ದವಳು ನೀನು. ನಿನ್ನ ಎಂಬತ್ತೊಂದು ಪರ್ಸೆಂಟಿನ ಮುಂದೆ ನನ್ನ ಅರವತ್ಮೂರು ಎಲ್ಲಿ ನಿಲ್ಲಬೇಕಿತ್ತು? ನೀನು ಬಾಗಿಲು ದಾಟಿ ಹೋದಾಗ ನನಗೆ ದುಃಖವಾಯಿತು ಎಂದು ಬರೆಯಬೇಕು. ದುಃಖ ಆಮೇಲೆ, ಊಟದ ಡಬ್ಬಿ ಒಬ್ಬಳೇ ತೆಗೆದಾಗ ಆಯಿತು. ಆ ಕ್ಷಣಕ್ಕೆ ಆದದ್ದು ಖುಷಿ.

ನೀನಿಲ್ಲದ ಮೇಲೆ ನನ್ನ ಕೆಲಸ ಸುಧಾರಿಸಿದೆ. ತಪ್ಪಿದಾಗ ಪಕ್ಕದಿಂದ ಕೈ ಚಾಚಿ ತಿದ್ದುವವರಿಲ್ಲ, ನಾನೇ ನೋಡಿ ನೋಡಿ ಕಲಿತೆ. ಈಗ ನಾನೂ ನಿನ್ನ ಹಾಗೆಯೇ, ಮಾಡಿದರೆ ಲ್ಯಾಬಿನಲ್ಲೇ ಕೆಲಸ ಎನ್ನುವವಳಾಗಿದ್ದೇನೆ. ಅಂತೂ ನನ್ನ ವಿಚಾರ ಮುಗಿಯಿತು.

ನೀನು ಖರೇ ಹೇಳು ಎಂದು ಕೇಳಿದ್ದೆ. ಹೇಳಿದ್ದೇನೆ, ಒಂದು ಅಕ್ಷರ ಬಚ್ಚಿಟ್ಟಿಲ್ಲ. ಕ್ಷಮಿಸು ಎನ್ನುವುದಿಲ್ಲ. ನೀನು ಕ್ಷಮಿಸಿಬಿಟ್ಟರೆ ಮತ್ತೆ ನಿನ್ನದೇ ಮೇಲುಗೈ ಆಗುತ್ತದೆ. ಚಾಚಾರಿಗೂ ಅಮ್ಮಿಗೂ ನನ್ನ ಸಲಾಮು ತಿಳಿಸು. ಅಲ್ಮಾಸ್ ಬಂದಾಗ ಚಹಾ ಕುಡಿಸಿಯೇ ಕಳಿಸಿದ್ದೇನೆ.

ಒಂದು ಕಾಲದಲ್ಲಿ ನಿನ್ನವಳಾಗಿದ್ದ,
ಪೂನಂ

ಮರೆತಿದ್ದೆ: ಜಹೀರಾಬಾದಿನವರ ಫೋನು ಗುರುವಾರವೇ ಬಂತು. ಮಾತಾಡಿದವರು ನಮ್ಮ ಬೀದರ್ ಕಡೆಯವರೇ. ಹೇಳಬೇಕೆಂದೇ ಬಾಯಿ ತೆರೆದೆ. "ಹುಡುಗಿ ಚಲೋ ಅದಾಳ್ರಿ, ರಿಜಿಸ್ಟರ್ ವಿಷಯ ಮಾತ್ರ ನನಗ ಕೇಳಬ್ಯಾಡ್ರಿ" ಎಂದು ಬಂತು. ಅವರು ನನ್ನ ಓದು, ಕೆಲಸದ ವಿವರ ಕೇಳಿಕೊಂಡು, ಜಾಗ ಬೇಗ ತುಂಬಬೇಕಿದೆ, ನಿಮಗೆ ಬರುವ ಮನಸ್ಸಿದೆಯೇ ಎಂದು ಕೇಳಿದರು. ನಿನ್ನೆ ಹೋಗಿ ಸಂದರ್ಶನ ಮುಗಿಸಿ ಬಂದೆ. ಹತ್ತೊಂಬತ್ತಕ್ಕೆ ಸೇರಿಕೊಳ್ಳುತ್ತೇನೆ.