ಓಡಿಸಿ ನೋಡಿದೆ

ಮಾರ್ಚ್ ೧೧, ಸೋಮವಾರ ಮಧ್ಯಾಹ್ನ

ಮಹರ್ಷಿಗಳೇ,

ಫೋನ್ ಮಾಡಿದರೆ ಎತ್ತುವುದಿಲ್ಲ, ಮೆಸೇಜ್ ಕಳಿಸಿದರೆ ಓದುವುದಿಲ್ಲ. ಅದಕ್ಕೇ ನಿನ್ನ ಅಕ್ಕನ ಮನೆಗೆ ಈ ಕಾಗದ. ನಿನ್ನ ಅಕ್ಕ ನನ್ನ ಮುಖ ನೋಡಿ ಬಾಗಿಲು ಹಾಕಿಕೊಂಡರೂ ಇದನ್ನು ನಿನಗೆ ಮುಟ್ಟಿಸುತ್ತಾರೆ. ಎಡಗಣ್ಣಿನ ಕಟ್ಟು ಬಿಚ್ಚಿದರಂತೆ, ಬೆಳಕು ಕೂಡ ಕಾಣುವುದಿಲ್ಲವಂತೆ. "ಅಪ್ಪಂಗೆ ಒಂದೇ ಕಣ್ಣಲ್ಲಿ ನಾನು ಪೂರ್ತಿ ಕಾಣ್ತೀನಾ?" ಅಂತ ಮಗಳು ಕೇಳಿದಳು. ಕಾಣುತ್ತೀಯ ಎಂದು ಹೇಳಿ ಬಚ್ಚಲಿಗೆ ಹೋಗಿ ಅತ್ತೆ.

ಗುರುವಾರ ಮಿಲ್ಲಿನ ಅಪಘಾತದ ವಿಚಾರಣೆಯಲ್ಲಿ ತಪ್ಪೆಲ್ಲ ನಿನ್ನದೇ ಎಂದು ಒಪ್ಪಿಕೊಳ್ಳುತ್ತೀಯಂತೆ. ಒಪ್ಪಿಕೊಂಡರೆ ಜೈಲು ಖಂಡಿತ ಎಂದು ವಕೀಲರು ಹೇಳಿದ್ದಾರಂತೆ. ಬೇಡ. ತಪ್ಪು ನಿನ್ನದಲ್ಲ. ಯಾಕೆಂದು ಬರೆಯಲು ಕುಳಿತಿದ್ದೇನೆ, ಯಾವತ್ತಿನ ಹಾಗೆ ಅರ್ಧಕ್ಕೇ ಎದ್ದು ಹೋಗಬೇಡ.

ಮರದ ಮಿಲ್ಲಿನಲ್ಲಿ ನಾನು ನಡೆಸುವ ಗರಗಸಗಳ ಕಂಪ್ಯೂಟರುಗಳನ್ನೆಲ್ಲ ನಿನ್ನ ಮಾತು ಕೇಳಿಯೇ ಯಾರು ಬೇಕಾದರೂ ಬರೆದು ಸೇರಿಸಬಹುದಾದ ಮುಕ್ತ ಸಿಸ್ಟಮ್ಮಿಗೆ ಬದಲಾಯಿಸಿದ್ದು. ಮೂರನೇ ಗರಗಸ ಮಾತ್ರ ಕೈಕೊಟ್ಟಿತು. ನನ್ನ ಆಜ್ಞೆಯನ್ನು ಮೋಟಾರಿಗೆ ಮುಟ್ಟಿಸುವ ಅದರ ಹಳೇ ನೆಟ್‌ವರ್ಕ್ ಕಾರ್ಡನ್ನು ಹೊಸ ಸಿಸ್ಟಮ್ ಗುರುತೇ ಹಿಡಿಯಲಿಲ್ಲ. ಕಾರ್ಡ್ ಮಾಡಿದವರು ಅದನ್ನು ನಡೆಸುವ ಪ್ರೋಗ್ರಾಮನ್ನು, ಅಂದರೆ ಡ್ರೈವರನ್ನು, ಕೊಡಲಿಲ್ಲ, ಅದರ ಒಳಗುಟ್ಟನ್ನೂ ಬಿಡಲಿಲ್ಲ. "ನಾನೇ ಬರೀತೀನಿ ಬಿಡು" ಎಂದು ನೀನು ತಪಸ್ಸಿಗೆ ಕುಳಿತೆ. ನಾಲ್ಕು ತಿಂಗಳು ನಿನ್ನ ಊಟ ತಟ್ಟೆಯಲ್ಲೇ ಆರಿತು, ನಾನು ಗೋಡೆಯ ಜೊತೆ ಮಾತಾಡಿದೆ. ಆ ಕಾರ್ಡ್ ಯಾವಾಗ ಮುನಿಸಿಕೊಳ್ಳುತ್ತದೆ ಎಂಬುದು ನಿನಗೆ ಗೊತ್ತಿತ್ತು. ನಾನು ಮಾತು ಬಿಟ್ಟು ವಾರವಾಗಿದ್ದು ಗೊತ್ತಾಗಲಿಲ್ಲ.

ಡ್ರೈವರ್ ಮುಗಿಯಲಿದ್ದ ದಿನ ಬೆಳಿಗ್ಗೆ ಮಗಳಿಗೆ ಜ್ವರ ಏರಿ ಕಣ್ಣು ಮೇಲಾಗಿತ್ತು. ಗಾಡಿ ತೆಗಿ ಎಂದು ಕಿರುಚಿದೆ. ನೀನು ಇನ್ನೈದು ನಿಮಿಷ ಅಂದೆ. ಕೈಗೆ ಸಿಕ್ಕ ಚೊಂಬನ್ನು ನಿನ್ನ ಮುಖಕ್ಕೆ ಎಸೆದೆ. ಹುಬ್ಬು ಹರಿದು ರಕ್ತ ಕೀಲಿಮಣೆಯ ಮೇಲೆ ತೊಟ್ಟಿಕ್ಕಿತು. ನೀನು ತೋಳಿನಿಂದ ಒರೆಸಿಕೊಂಡು ಟೈಪ್ ಮಾಡುತ್ತಲೇ ಇದ್ದೆ! ಬೈದಿದ್ದರೆ, ತಿರುಗಿ ಹೊಡೆದಿದ್ದರೂ ನನ್ನ ಸಿಟ್ಟು ಇಳಿಯುತ್ತಿತ್ತು. ಮಗುವನ್ನು ಹೆಗಲಿಗೆ ಹಾಕಿಕೊಂಡು ನಾನೇ ಆಸ್ಪತ್ರೆಗೆ ಓಡಿದೆ.

ಮಧ್ಯಾಹ್ನ ಅಮ್ಮನನ್ನು ಮಗುವಿನ ಹತ್ತಿರ ಕೂರಿಸಿ, ರಜೆ ಕೇಳಲು ಮಿಲ್ಲಿಗೆ ಬಂದೆ. ಆಗ ನಿನ್ನ ಮೆಸೇಜ್. ಮಗು ಹೇಗಿದೆ ಎಂದಲ್ಲ, ಡ್ರೈವರ್ ಮುಗಿಯಿತು, ಓಡಿಸಿ ನೋಡು ಎಂದು. ನಿಮ್ಮ ಆ ಮುಕ್ತ ಸಿಸ್ಟಮ್ಮಿನ ಲೋಕದ ನಿಯಮ ನನಗೂ ಗೊತ್ತು. ಬರೆದವನ ಮಾತನ್ನು ಅಲ್ಲಿ ಯಾರೂ ನೆಚ್ಚುವುದಿಲ್ಲ. ಅದೇ ಕಾರ್ಡ್ ಇರುವ ಇನ್ನೊಬ್ಬರು ಓಡಿಸಿ ನೋಡಿ, ತಮ್ಮ ಹೆಸರಿನಲ್ಲಿ ಒಂದು ಸಾಲು ಬರೆಯಬೇಕು, ಆಮೇಲೇ ಅದು ಸಿಸ್ಟಮ್ಮಿಗೆ ಸೇರುವುದು. ಮೊದಲ ಸಲಕ್ಕೇ ನೆಟ್ಟಗೆ ಓಡುವ ಡ್ರೈವರ್ ಎಲ್ಲೂ ಇಲ್ಲ, ಅದಕ್ಕೇ ಆ ನಿಯಮ. ಅಂಥದ್ದೇ ಇನ್ನೊಂದು ಕಾರ್ಡ್ ನನ್ನ ಮೇಜಿನ ಡ್ರಾಯರಿನಲ್ಲಿತ್ತು. ಅದನ್ನು ಕವರಿನಿಂದ ತೆಗೆಯಲೂ ಇಲ್ಲ. "ಓಡಿಸಿ ನೋಡಿದೆ, ಸರಿಯಾಗಿದೆ" ಎಂದು ಬರೆದು ಕಳಿಸಿ ಆಸ್ಪತ್ರೆಗೆ ಹೋದೆ. ನಿನ್ನ ಪೀಡೆ ತೊಲಗಿದರೆ ಸಾಕಾಗಿತ್ತು.

ಹನ್ನೆರಡನೇ ದಿನ ಕೆಲಸಕ್ಕೆ ಮರಳಿದಾಗ ಮೂರನೇ ಗರಗಸ ಓಡುತ್ತಿತ್ತು. ನಿನ್ನ ಡ್ರೈವರ್ ಸಿಸ್ಟಮ್ಮಿಗೆ ಸೇರಿ, ಅವತ್ತೇ ಬೆಳಿಗ್ಗೆ ಅಪ್‌ಡೇಟಿನಲ್ಲಿ ಬಂದಿತ್ತು. ಹನ್ನೊಂದು ಗಂಟೆಗೆ ತೊಲೆ ಸಿಕ್ಕಿಕೊಂಡು ಅಲಗು ನಿಂತಿತು. ಗರಗಸದ ಮೇಸ್ತ್ರಿ ನಾನು ಕುಳಿತಿದ್ದ ಕಂಟ್ರೋಲ್ ರೂಮಿನ ಕಿಟಕಿಯ ಕಡೆ ಕೈಬೀಸಿ "ನಿಲ್ಸಮ್ಮಾ!" ಎಂದು ಕೂಗಿದ. ನಾನು ಗುಂಡಿ ಒತ್ತಿದೆ. ಕಾರ್ಡ್ ಸತ್ತಿತ್ತು, ಆಜ್ಞೆ ಮೋಟಾರಿಗೆ ತಲುಪಲಿಲ್ಲ. ಪಕ್ಕದ ಗರಗಸಗಳ ಅಬ್ಬರದಲ್ಲಿ ಮೋಟಾರು ಆರಿತೋ ಇಲ್ಲವೋ ಅವನಿಗೆ ಕೇಳಲಿಲ್ಲ. ನನ್ನನ್ನು ನಂಬಿ ತೊಲೆ ಎಳೆದ. ಅಲಗು ಬಿಡಿಸಿಕೊಂಡು ತಿರುಗಿತು.

ಮೊಣಕೈಯಿಂದ ಕೆಳಗೆ ಏನೂ ಉಳಿಯಲಿಲ್ಲ. ರಕ್ತ ನನ್ನ ಕಿಟಕಿಯ ಗಾಜಿಗೆ ರಾಚಿತು. ಕೈ ಮರದ ಹೊಟ್ಟಿನಲ್ಲಿ ಬಿದ್ದಿತ್ತು, ಬೆರಳುಗಳು ಇನ್ನೂ ಅದುರುತ್ತಿದ್ದವು. ಲೋಡು ಇಳಿಸುತ್ತಿದ್ದ ಅವನ ಅಣ್ಣ ಅಂಗಿ ಬಿಚ್ಚಿ ಅದನ್ನು ಸುತ್ತಿಕೊಂಡು ಆಸ್ಪತ್ರೆಗೆ ಓಡಿದ.

ಆ ಅಣ್ಣನೇ ಸಂಜೆ ಬರಿಮೈಯಲ್ಲಿ ನಮ್ಮ ಮನೆಗೆ ನುಗ್ಗಿದ್ದು. "ಪ್ರೋಗ್ರಾಮ್ ಬರ‍್ದೋನು ಯಾವನೋ?" ಎಂದ. "ನಾನೇ" ಎಂದು ನೀನು ಎದ್ದು ನಿಂತೆ. ಅವನ ಕೈಯಲ್ಲಿದ್ದ ಮರದ ಪಟ್ಟಿಯ ತುದಿಗೆ ಮೊಳೆಯಿತ್ತು. ಮೊದಲ ಏಟು ನಿನ್ನ ಹೆಗಲಿಗೆ ಬಿದ್ದಾಗ ನನಗೆ ಹಾಯೆನಿಸಿತು. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೂ ಹಾಯೆನಿಸಿತು. ಎರಡನೆಯದಕ್ಕೆ ಹಲ್ಲು ಉದುರಿತು. ನಾನು ಬಾಯಿ ಬಿಟ್ಟಿದ್ದರೆ ಪಟ್ಟಿ ನನ್ನ ಕಡೆ ತಿರುಗುತ್ತಿತ್ತು. ಬಾಗಿಲು ಹಿಡಿದು ನಿಂತೇ ಇದ್ದೆ. ನೀನು "ಹೊಡೀಲಿ ಬಿಡೇ, ಅವನ ತಮ್ಮನ ಕೈ ಹೋಗಿದೆ" ಅಂದೆ. ಮೂರನೆಯದು ಕಣ್ಣಿಗೆ ಬಿತ್ತು.

ಇವತ್ತು ಬೆಳಿಗ್ಗೆ ವಿಚಾರಣಾಧಿಕಾರಿಗೆ ನನ್ನ ಹೇಳಿಕೆ ಬರೆದುಕೊಟ್ಟೆ, ಓಡಿಸಿ ನೋಡದೆಯೇ ಸಹಿ ಹಾಕಿದವಳು ನಾನು ಎಂದು. ಅಲ್ಲಿಂದ ನೇರವಾಗಿ ಮೇಸ್ತ್ರಿಯ ಅಣ್ಣನ ಮನೆಗೆ ಹೋಗಿ ಅವನಿಗೂ ಹೇಳಿದೆ. ಹೊಡೆಯಲಿ ಎಂದೇ ಹೋಗಿದ್ದೆ. ಅವನು ಹೊಡೆಯಲಿಲ್ಲ. ನನ್ನ ಮುಖಕ್ಕೆ ಉಗಿದು, "ಅವತ್ತು ಅಲ್ಲೇ ನಿಂತಿದ್ದೆಯಲ್ಲೇ" ಎಂದು ಕುಸಿದು ಕುಳಿತು ಅತ್ತ. ನಾನು ಮುಖ ಒರೆಸಿಕೊಂಡು ಬಂದೆ.

ಆದ್ದರಿಂದ ಗುರುವಾರ ನೀನು ಬಾಯಿ ಮುಚ್ಚಿಕೊಂಡಿರು. ನಿನಗೆ ಅದು ಚೆನ್ನಾಗಿ ಬರುತ್ತದೆ.

ನೀನೇ ಹೆಸರಿಟ್ಟ,
ಮಾರಿ

ವಿ.ಸೂ.: ಕಾರ್ಡನ್ನು ಕವರಿನಿಂದ ತೆಗೆಯಲಿಲ್ಲ ಎಂದು ಮೇಲೆ ಬರೆದೆ. ಅಧಿಕಾರಿಗೂ ಹಾಗೇ ಬರೆದುಕೊಟ್ಟಿದ್ದೇನೆ. ಸುಳ್ಳು. ತೆಗೆದೆ, ಹಾಕಿದೆ, ಓಡಿಸಿಯೂ ನೋಡಿದೆ. ಒಂಬತ್ತನೇ ನಿಮಿಷಕ್ಕೆ ಸತ್ತಿತು. ಇನ್ನೊಂದು ಸಲ ಓಡಿಸಿದೆ, ಮತ್ತೆ ಸತ್ತಿತು. ಅದನ್ನು ಕಣ್ಣಾರೆ ನೋಡಿಯೇ ಸರಿಯಾಗಿದೆ ಎಂದು ಬರೆದೆ. ಎರಡು ದಿನದಲ್ಲಿ ಬೇರೆ ಯಾರಾದರೂ ತಪ್ಪು ಹಿಡಿದು, ನೀನು ನಮ್ಮನ್ನು ಬಿಟ್ಟು ಹಚ್ಚಿಕೊಂಡ ಆ ಜನರೆದುರೇ ನಿನ್ನ ಮಾನ ಕಳೆಯಲಿ ಎಂದುಕೊಂಡೆ. ನಿನ್ನನ್ನು ಬಿಟ್ಟರೆ ಆ ಕಾರ್ಡ್ ಇದ್ದವಳು ನಾನೊಬ್ಬಳೇ, ಹಿಡಿಯಲು ಬೇರೆ ಯಾರೂ ಇಲ್ಲ ಎಂಬುದು ಸಿಟ್ಟಿನಲ್ಲಿ ಹೊಳೆಯಲೇ ಇಲ್ಲ. ಕೆಲಸಕ್ಕೆ ಮರಳಿದ ದಿನ ಗರಗಸ ಓಡುತ್ತಿದ್ದುದನ್ನು ನೋಡಿದಾಗ ಹೊಳೆಯಿತು. ನಿಲ್ಲಿಸಿ ಎಂದರೆ ಯಾಕೆ ಎಂದು ಕೇಳುತ್ತಾರಲ್ಲ, ಸುಮ್ಮನಾದೆ. ಅಧಿಕಾರಿಗೆ ಹೇಳಿದ್ದಕ್ಕೆ ನನ್ನ ಕೆಲಸ ಹೋಗುತ್ತದೆ, ಇದಕ್ಕೆ ಜೈಲಾಗುತ್ತದೆ. ಗುರುವಾರ ಈ ಹಾಳೆಯನ್ನು ಅವರಿಗೆ ಕೊಡುವುದೋ ಹರಿದು ಹಾಕುವುದೋ ನಿನಗೆ ಬಿಟ್ಟದ್ದು. ಮಗಳನ್ನು ಬುಧವಾರವೇ ಬಟ್ಟೆ ಸಮೇತ ನಿನ್ನ ಹತ್ತಿರ ಬಿಟ್ಟುಬರುತ್ತೇನೆ.